ಚರ್ಮಗಂಟು ರೋಗ ಬಂದ ದಾರಿ

ದನದ ಮೈಮೇಲೆ ಗಂಟು ಎದ್ದ ದಿನವೇ ರೋಗ ತಗುಲಿದ ದಿನವಲ್ಲ. ಚರ್ಮಗಂಟು ರೋಗದ ವೈರಾಣು ಮೈ ಸೇರಿದ ಮೇಲೆ ಗಂಟು ಕಾಣಲು ಕೆಲವು ದಿನಗಳಿಂದ ನಾಲ್ಕು ವಾರಗಳವರೆಗೆ ಹಿಡಿಯುತ್ತದೆ. ಆದುದರಿಂದ ರೋಗದ ಮೂಲ ಹುಡುಕುವವರು 28 ದಿನ ಹಿಂದಕ್ಕೆ ಎಣಿಸಬೇಕು. ಆ ಅವಧಿಯಲ್ಲಿ ದನ ಯಾವ ಸಂತೆಗೆ ಹೋಗಿತ್ತು? ಕೊಟ್ಟಿಗೆಗೆ ಹೊಸ ದನ ಬಂದಿತ್ತೇ?

ಭಾರತದಲ್ಲಿ ಈ ರೋಗ 2019ರಲ್ಲಿ ಒಡಿಶಾದಲ್ಲಿ ಮೊದಲು ಕಂಡಿತು. 2022ರಲ್ಲಿ ಹಾವೇರಿ ಜಿಲ್ಲೆಯ ರೈತರು ಬಹಳ ದನಗಳನ್ನು ಕಳೆದುಕೊಂಡರು. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳಲ್ಲಿ ಎತ್ತುಗಳು ಸಂತೆಯಿಂದ ಸಂತೆಗೆ ಸಾಗುತ್ತವೆ. ದೀಪಾವಳಿಯ ಬಳಿಕ ಹೋರಿ ಬೆದರಿಸುವ ಹಬ್ಬಕ್ಕೆ ಈ ಸೀಮೆಯ ಹೋರಿಗಳು ಒಂದೆಡೆ ಸೇರುತ್ತವೆ. ಊರೊಳಗೆ ರೋಗ ಹರಡುವುದು ಕಚ್ಚುವ ನೊಣ, ಸೊಳ್ಳೆ, ಉಣ್ಣೆಗಳಿಂದ. ದೂರದ ಊರಿಗೆ ಅದನ್ನು ಮುಖ್ಯವಾಗಿ ಒಯ್ಯುವುದು ರೋಗದ ದನವೇ. ಉದುರಿದ ಹಕ್ಕಳೆಯಲ್ಲಿಯೂ ವೈರಾಣು ಬಹುಕಾಲ ಬದುಕಿರುತ್ತದೆ.

‘ಹತ್ತು ದನಕ್ಕೆ ಜಡ್ಡು’ ಎಂದು ಬರೆದರೆ ಸಾಲದು. ನೂರರಲ್ಲಿ ಹತ್ತೋ, ಇಪ್ಪತ್ತರಲ್ಲಿ ಹತ್ತೋ? ಆದುದರಿಂದ ವಹಿಯಲ್ಲಿ ಆರೋಗ್ಯವಾಗಿರುವ ದನಗಳ ಎಣಿಕೆಯೂ ಇರಬೇಕು. ಜೊತೆಗೆ ಮೊದಲ ಗಂಟು ಕಂಡ ದಿನ, ದನದ ವಯಸ್ಸು, ಕೊಂಡದ್ದೋ ಮನೆಯದೋ, ಲಸಿಕೆ ಹಾಕಿಸಿದ ದಿನ ಇವನ್ನು ಬರೆಯಬೇಕು.

ಲಸಿಕೆಯ ದಿನಾಂಕ ಬಹಳ ಮುಖ್ಯ. ಆಡಿನ ಸಿಡುಬಿನ ಲಸಿಕೆ ಹಾಕಿಸಿದ ನಾಲ್ಕೈದು ದಿನಕ್ಕೆ ಗಂಟೆದ್ದರೆ ‘ಲಸಿಕೆಯಿಂದಲೇ ಬಂತು’ ಎಂದು ಜನ ದೂರುತ್ತಾರೆ. ರೋಗ ಮೊದಲೇ ತಗುಲಿರಬಹುದು. ರಕ್ಷಣೆ ಬೆಳೆಯಲು ಸುಮಾರು ಮೂರು ವಾರ ಬೇಕು. ಆ ಒಂದು ದೂರಿನಿಂದ ನೆರೆಯವರು ಲಸಿಕೆ ಬಿಟ್ಟರೆ ಇಡೀ ಓಣಿಯ ದನಗಳು ಅಪಾಯಕ್ಕೆ ಸಿಲುಕುತ್ತವೆ.