ಮೂಗಿನೊಳಗೆ ಗಂಟು ಹಾಕಿದ ಎಳೆ

ಎಡಗಣ್ಣು ಸೋರುವುದಕ್ಕೆ ನಾನು ಒಗ್ಗಿಹೋಗಿದ್ದೆ. ಪಾಠ ಮಾಡುವಾಗ ಸೆರಗಿನ ತುದಿ ಕಣ್ಣಿಗೆ ಹೋಗುತ್ತಲೇ ಇರುತ್ತಿತ್ತು. "ಟೀಚರ್, ಯಾಕೆ ಅಳ್ತಿದ್ದೀರಿ?" ಎಂದು ಮಕ್ಕಳು ಕೇಳುತ್ತಿದ್ದರು. ಬೆಳಿಗ್ಗೆ ಗೀಜು ಕಟ್ಟಿ ರೆಪ್ಪೆ ಅಂಟಿಕೊಂಡಿರುತ್ತಿತ್ತು. ಕಾರಣ ತಿಳಿದದ್ದು ಪೊರೆ ಆಪರೇಷನ್ನಿಗೆ ತಯಾರಿ ನಡೆದಾಗ. ಕೆಳರೆಪ್ಪೆಯ ಒಳಮೂಲೆಯಲ್ಲಿರುವ ಸಣ್ಣ ರಂಧ್ರಕ್ಕೆ ಮೊಂಡು ಸೂಜಿಯಿಂದ ಸಲೈನ್ ಬಿಟ್ಟು, "ಗಂಟಲಿಗೆ ಉಪ್ಪುಪ್ಪು ಬಂತಾ ಅಮ್ಮಾ?" ಎಂದು ಡಾಕ್ಟರ್ ಕೇಳಿದರು. ಗಂಟಲಿಗೆ ಏನೂ ಬರಲಿಲ್ಲ. ನೀರು ಕೀವಿನ ಜೊತೆ ಮೇಲ್ರೆಪ್ಪೆಯ ರಂಧ್ರದಿಂದ ವಾಪಸು ಬಂತು. ಎಂದರೆ ಕಣ್ಣೀರು ಮೂಗಿಗೆ ಇಳಿಯುವ ನಾಳ ಕಟ್ಟಿಹೋಗಿತ್ತು. ಕಣ್ಣೀರಿನ ಚೀಲದಲ್ಲಿ ಸೋಂಕು ಇಟ್ಟುಕೊಂಡು ಪೊರೆ ತೆಗೆದರೆ ಅದು ಕಣ್ಣಿನೊಳಗೆ ಇಳಿದು ದೃಷ್ಟಿಗೇ ಕುತ್ತು. ಹಾಗಾಗಿ ಮೊದಲು ಡಿಸಿಆರ್ ಎಂಬ ಆಪರೇಷನ್ ಆಗಲೇಬೇಕಾಯಿತು.

ಈ ಆಪರೇಷನ್ ಹೊಸದಲ್ಲ. ಇಟಲಿಯ ಅಡ್ಡಿಯೋ ಟೋಟಿ 1904ರಲ್ಲೇ ಇದನ್ನು ವಿವರಿಸಿದ್ದರು. ಮೂಗಿನ ಪಕ್ಕದಲ್ಲಿ ಸಣ್ಣದಾಗಿ ಕೊಯ್ದು, ಒಳಗಿನ ಮೂಳೆಯಲ್ಲಿ ಕಿಂಡಿ ಮಾಡಿ, ಕಣ್ಣೀರಿನ ಚೀಲವನ್ನು ನೇರವಾಗಿ ಮೂಗಿಗೆ ಸೇರಿಸುತ್ತಾರೆ. ಈಗ ಎಂಡೋಸ್ಕೋಪ್ ಹಾಕಿ ಮೂಗಿನೊಳಗಿಂದಲೂ ಮಾಡುತ್ತಾರೆ, ಆಗ ಮುಖದ ಮೇಲೆ ಗಾಯವಿಲ್ಲ.

ನನಗೆ ಸಿಲಿಕೋನ್ ಟ್ಯೂಬನ್ನೂ ಇಟ್ಟರು. ಅದರ ಒಂದು ತುದಿ ಮೇಲ್ರೆಪ್ಪೆಯ ರಂಧ್ರದಿಂದ, ಇನ್ನೊಂದು ಕೆಳರೆಪ್ಪೆಯ ರಂಧ್ರದಿಂದ ಒಳಗೆ ಹೋಗಿ, ಹೊಸ ಕಿಂಡಿಯ ಮೂಲಕ ಮೂಗಿಗೆ ಇಳಿದು ಅಲ್ಲಿ ಗಂಟಾಗುತ್ತದೆ. ಕಣ್ಣಿನ ಮೂಲೆಯಲ್ಲಿ ಕಾಣುವುದು ಗಾಜಿನಂಥ ಒಂದು ಸಣ್ಣ ಎಳೆ ಮಾತ್ರ. ಕಣ್ಣೀರು ಈ ಟ್ಯೂಬಿನ ಒಳಗಿಂದ ಹರಿಯುತ್ತದೆ ಎಂದೇ ವಾರ್ಡಿನಲ್ಲಿ ಎಲ್ಲರೂ ಮಾತಾಡಿಕೊಳ್ಳುತ್ತಿದ್ದರು. ಅದು ಹರಿಯುವುದು ಟ್ಯೂಬಿನ ಸುತ್ತ. ಕಿವಿ ಚುಚ್ಚಿಸಿದ ಮೇಲೆ ತೂತು ಮುಚ್ಚದಿರಲೆಂದು ಕಡ್ಡಿ ಇಡುತ್ತೇವಲ್ಲ, ಟ್ಯೂಬಿನ ಕೆಲಸವೂ ಅಷ್ಟೇ. ಅದು ಒಳಗಿರುವಷ್ಟು ದಿನ ಕಣ್ಣಲ್ಲಿ ಸ್ವಲ್ಪ ನೀರು ನಿಲ್ಲುವುದು ಸಹಜ. ಆಪರೇಷನ್ ಕೈಕೊಟ್ಟಿತೆಂದು ಆಗಲೇ ಅಳುಕಬೇಕಾಗಿಲ್ಲ.

ಪಕ್ಕದ ಮಂಚದ ಅಕ್ಕನಿಗೆ ಟ್ಯೂಬ್ ಇಟ್ಟಿರಲಿಲ್ಲ. "ನಿಮಗೆ ದೊಡ್ಡ ಆಪರೇಷನ್, ನನಗೆ ಕಮ್ಮಿದು ಮಾಡಿಬಿಟ್ರು" ಎಂದು ಆಕೆ ಕಣ್ಣು ತುಂಬಿಕೊಂಡರು. ನನಗೆ ಸಂಕಟವಾಗಿ ರೌಂಡ್ಸಿಗೆ ಬಂದ ಡಾಕ್ಟರಮ್ಮನನ್ನೇ ಕೇಳಿದೆ. ಚೀಲದ ಕೆಳಗಿನ ನಾಳ ಮಾತ್ರ ಕಟ್ಟಿದ್ದರೆ, ಟ್ಯೂಬ್ ಇಟ್ಟರೂ ಬಿಟ್ಟರೂ ಫಲಿತಾಂಶದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಹಲವು ಅಧ್ಯಯನಗಳಲ್ಲಿ ಕಂಡಿಲ್ಲವಂತೆ. ರೆಪ್ಪೆಯಿಂದ ಚೀಲಕ್ಕೆ ಹೋಗುವ ಕಿರುನಾಳವೇ ಕಿರಿದಾಗಿದ್ದರೆ, ಅಥವಾ ಮೊದಲ ಆಪರೇಷನ್ ಮುಚ್ಚಿಹೋಗಿ ಎರಡನೆಯದು ಮಾಡುವಾಗ ಟ್ಯೂಬ್ ಬೇಕಾಗುತ್ತದೆ. ನನ್ನ ಕಿರುನಾಳ ಕಿರಿದಾಗಿತ್ತು, ಆಕೆಯದು ಚೆನ್ನಾಗಿತ್ತು. ಇಷ್ಟನ್ನು ಆಪರೇಷನ್ನಿಗೆ ಮುಂಚೆಯೇ ಯಾರಾದರೂ ಹೇಳಿದ್ದರೆ ಆ ಅಕ್ಕ ರಾತ್ರಿಯೆಲ್ಲ ಕೊರಗುತ್ತಿರಲಿಲ್ಲ. ಟ್ಯೂಬ್ ಯಾಕೆ, ಎಷ್ಟು ದಿನ ಎಂದು ಕೇಳುವುದು ರೋಗಿಯ ಹಕ್ಕು. ನಾನಂತೂ ಈಗ ಪರಿಚಯದವರಿಗೆಲ್ಲ ಕೇಳಿ ಎಂದೇ ಹೇಳುತ್ತೇನೆ.

ಮನೆಗೆ ಬಂದ ಮೇಲೆ ಮೂಗು ಸೀದಬಾರದು, ಸೀನು ಬಂದರೆ ಬಾಯಿ ತೆರೆದೇ ಸೀನಬೇಕು ಎಂದಿದ್ದರು. ಅದನ್ನು ಪಾಲಿಸಿದೆ. ಆದರೂ ಒಂದು ದಿನ ಒಗ್ಗರಣೆಯ ಮೆಣಸಿನಕಾಯಿ ಘಾಟಿಗೆ ಮೇಲಿಂದ ಮೇಲೆ ಸೀನು ಬಂದು, ಎಳೆ ಉದ್ದವಾಗಿ ಹೊರಬಂದು ಕೆನ್ನೆಗೆ ತಾಗಿತು. ಮಗ ಕತ್ತರಿ ಹಿಡಿದೇ ಬಂದ. ಫೋನಿನಲ್ಲಿ ಡಾಕ್ಟರಮ್ಮ, "ಎಳೀಬೇಡಿ, ಕತ್ತರಿಸಲೂಬೇಡಿ. ಮೂಗಿನ ಪಕ್ಕಕ್ಕೆ ಪ್ಲಾಸ್ಟರ್ ಅಂಟಿಸಿಕೊಂಡು ಬನ್ನಿ" ಎಂದರು. ಹಾಗೇ ಹೋದೆ. ಮೂಗಿನೊಳಗಿನ ತುದಿಯನ್ನು ಕೆಳಗೆ ಎಳೆದು ಮತ್ತೆ ಜಾಗಕ್ಕೆ ಕೂರಿಸಿದರು. ಹೊರಬಂದ ಎಳೆ ಕಣ್ಣುಗುಡ್ಡೆಗೆ ಉಜ್ಜಿದರೆ ಗಾಯವಾಗುತ್ತದೆ, ಆದ್ದರಿಂದ ನಾಳೆ ನೋಡೋಣ ಎನ್ನುವಂತಿಲ್ಲ.

ಟ್ಯೂಬ್ ತೆಗೆಯುವುದು ಸುಲಭ: ಮೂಲೆಯಲ್ಲಿ ಎಳೆ ಕತ್ತರಿಸಿ ಮೂಗಿನಿಂದ ಹೊರತೆಗೆಯುತ್ತಾರೆ. ಕೆಲವರು 4 ವಾರಕ್ಕೇ ತೆಗೆಯುತ್ತಾರೆ, ಕೆಲವರು 3 ತಿಂಗಳು ಬಿಡುತ್ತಾರೆ. ನನಗೆ ಹೆದರಿಕೆ ಊರಿಗೆ ಹೋಗಿ ಅದನ್ನು ಮರೆತುಬಿಡುವವರ ಬಗ್ಗೆ. ವರ್ಷಗಟ್ಟಲೆ ಒಳಗೇ ಉಳಿದರೆ ಎಳೆ ರೆಪ್ಪೆಯ ರಂಧ್ರವನ್ನೇ ಕೊಯ್ಯುತ್ತಾ ಹೋಗಬಹುದು, ಸುತ್ತ ಮಾಂಸ ಬೆಳೆಯಬಹುದು. ಡಿಸ್ಚಾರ್ಜ್ ಚೀಟಿಯಲ್ಲಿ ಟ್ಯೂಬ್ ಇದೆಯೆಂಬುದನ್ನೂ ತೆಗೆಯುವ ತಾರೀಖನ್ನೂ ಬರೆಸಿಕೊಳ್ಳಿ, ಆ ತಾರೀಖನ್ನು ಮನೆಯಲ್ಲಿ ಇನ್ನೊಬ್ಬರಿಗೂ ಹೇಳಿಡಿ.