ಜೋ ಇರುವ ಮನೆಯನ್ನು ನೋಡುವ ಬಗೆ

ಆಟಿಸಂ ಇರುವ ಮಗುವನ್ನು ಬೆಳೆಸುವ ಕುಟುಂಬದ ಕಥೆಯನ್ನು ನೀವು ಟಿವಿಯಲ್ಲಿ ಇನ್ನೂ ನೋಡಿಲ್ಲವೇ? ಹಾಗಿದ್ದರೆ ಬಿಬಿಸಿಯ ‘ದಿ ಎ ವರ್ಡ್’ ಸರಣಿಯಿಂದ ಆರಂಭಿಸಿ. ಹಿಂದಿಯಲ್ಲಿ 2009ರಲ್ಲೇ ಝೀ ಟಿವಿಯ ‘ಆಪ್ಕಿ ಅಂತರಾ’ ಇಂಥ ಮಗುವನ್ನು ಕಥೆಯ ನಡುವೆ ತಂದು ಕೂರಿಸಿತ್ತು, ಅದು ಸಣ್ಣ ಸಾಹಸವಲ್ಲ. ಆದರೂ ಹೊಸಬರಿಗೆ 2016ರ ಈ ಬ್ರಿಟಿಷ್ ಸರಣಿಯೇ ಅನುಕೂಲ, ಏಕೆಂದರೆ ಮೊದಲ ಭಾಗಕ್ಕೆ ಆರೇ ಕಂತು.

ಮೊದಲು ಆಟಿಸಂ ಎಂದರೇನೆಂದು ತಿಳಿಯೋಣ. ಕನ್ನಡದಲ್ಲಿ ಇದಕ್ಕೆ ಸ್ವಲೀನತೆ ಎನ್ನುತ್ತಾರೆ. ಇದು ಅಂಟುವ ಕಾಯಿಲೆಯಲ್ಲ, ತಾಯಿಯ ತಪ್ಪಿನಿಂದ ಬಂದದ್ದೂ ಅಲ್ಲ. ಮಿದುಳು ಬೆಳೆಯುವ ರೀತಿಯಲ್ಲೇ ಇರುವ ಭಿನ್ನತೆ. ಇಂಥ ಮಕ್ಕಳಿಗೆ ಎದುರಿನವರ ಮಾತು, ಮುಖಭಾವಗಳ ಸೂಚನೆ ಹಿಡಿಯುವುದು ಕಷ್ಟವಾಗಬಹುದು. ಮಾಡಿದ್ದನ್ನೇ ಮಾಡುವುದರಲ್ಲಿ ನೆಮ್ಮದಿ ಸಿಗಬಹುದು. ಸದ್ದು, ಬೆಳಕು, ಸ್ಪರ್ಶಗಳೂ ಅವರನ್ನು ಬೇರೆಯದೇ ತೀವ್ರತೆಯಲ್ಲಿ ತಲುಪಬಹುದು. ಮಳೆಗಾಲದಲ್ಲಿ ಘಟಪ್ರಭೆ ಸುಮಾರು 52 ಮೀಟರ್ ಕೆಳಕ್ಕೆ ಧುಮುಕುವ ಅಬ್ಬರ ಗೋಕಾಕ ಫಾಲ್ಸಿನ ನಮಗೆಲ್ಲ ರೂಢಿಯಾದದ್ದು. ಊರಿನ ಮಿಲ್ಲಿನ ಭೋಂಗಾ ಕೇಳಿದರೆ ನಾವು ಗಡಿಯಾರ ನೋಡುತ್ತೇವೆ, ಅಷ್ಟೆ. ಅಂಥದೇ ಭೋಂಗಾ ಆಟಿಸಂ ಇರುವ ಮಗುವಿಗೆ ನೋವಾಗುವಷ್ಟು ಜೋರೆನಿಸಬಹುದು. ಅದೇ ಮಗು ಜಲಪಾತದೆದುರು ಬಹಳ ಹೊತ್ತು ಶಾಂತವಾಗಿ ನಿಲ್ಲಲೂಬಹುದು.

ಇದಿಷ್ಟು ಗೊತ್ತಿದ್ದರೆ ಈ ಸರಣಿಯ ಐದು ವರ್ಷದ ಜೋ ನಿಮಗೆ ಅರ್ಥವಾಗತೊಡಗುತ್ತಾನೆ. ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟ್ ಎಂಬ ಗುಡ್ಡಗಾಡಿನ ರಸ್ತೆಯಲ್ಲಿ, ಕಿವಿಗೆ ದೊಡ್ಡ ಹೆಡ್‌ಫೋನ್ ಹಾಕಿಕೊಂಡು ಹಾಡುತ್ತ ನಡೆಯುವ ಹುಡುಗ ಅವನು. ದೊಡ್ಡವರ ಪ್ರಶ್ನೆಗೆ ನೇರ ಉತ್ತರ ಕೊಡದವನು ಹಾಡಿನ ಹೆಸರು, ಹಾಡಿದ ತಂಡ, ಬಂದ ವರ್ಷವನ್ನು ತಡವರಿಸದೆ ಹೇಳುತ್ತಾನೆ. ಆ ಹೆಡ್‌ಫೋನನ್ನು ಹಟವೆಂದು ತಿಳಿಯಬೇಡಿ. ಗದ್ದಲದ ಲೋಕದಲ್ಲಿ ಅವನಿಗೆ ಹಿಡಿತ ಕೊಡುವುದು ಅದೇ.

ಇನ್ನು ಮನೆಯವರನ್ನು ನೋಡಿ. ಮಗುವಿನ ವರ್ತನೆಯಲ್ಲಿ ಏನೋ ಇದೆ ಎಂದು ಮೊದಲು ಬಾಯಿಬಿಟ್ಟು ಹೇಳುವವಳು ತಾಯಿ ಆಲಿಸನ್‌ಳ ಸೋದರನ ಹೆಂಡತಿ ನಿಕೋಲಾ. ಅವಳು ವೈದ್ಯೆ. ಆದರೂ ಮನೆಯವರ ಸಿಟ್ಟು ತಿರುಗುವುದು ಅವಳ ಮೇಲೆಯೇ. ತಪಾಸಣೆಯ ಫಲಿತಾಂಶ ಬಂದ ಮೇಲೂ ಆಲಿಸನ್ ಅದನ್ನು ಊರಿನಿಂದ ಮುಚ್ಚಿಡಲು ಹೆಣಗುತ್ತಾಳೆ. ‘ಮಂದಿ ಏನಂದಾರು’ ಎಂಬ ನಮ್ಮ ಕಡೆಯ ಅಂಜಿಕೆ ಅಲ್ಲಿಯೂ ಹೀಗೇ ಬೇರೂರಿದೆ. ಅವಳನ್ನು ಕೆಟ್ಟ ತಾಯಿಯೆಂದು ತೀರ್ಮಾನಿಸುವ ಮುನ್ನ ದಯವಿಟ್ಟು ಆರೂ ಕಂತು ಮುಗಿಸಿ.

ಇದನ್ನು ಬರೆದ ಪೀಟರ್ ಬೋಕರ್, ಚಿತ್ರಕಥೆಗಾರನಾಗುವ ಮೊದಲು ಕಲಿಕೆಯ ತೊಂದರೆಯಿದ್ದ ಮಕ್ಕಳಿಗೆ ಶಿಕ್ಷಕರಾಗಿದ್ದವರು. ಮೂಲ ಕಥೆ ಇಸ್ರೇಲಿನದು: ಕೆರೆನ್ ಮಾರ್ಗಲಿತ್ ರೂಪಿಸಿದ, ಮರುಭೂಮಿಯ ಹಳ್ಳಿಯ ರೈತ ಕುಟುಂಬವೊಂದರ 2010ರ ಸರಣಿ. ಮರಳುಗಾಡಿನಿಂದ ಹಸಿರು ಗುಡ್ಡಕ್ಕೆ ಬಂದರೂ ಕಥೆ ಬಾಡಲಿಲ್ಲ.

ಒಂದು ಎಚ್ಚರಿಕೆ ಮಾತ್ರ ಹೇಳಲೇಬೇಕು. ಜೋಗಿರುವ ಹಾಡಿನ ನೆನಪಿನಂಥ ವಿಶೇಷ ಶಕ್ತಿ ಆಟಿಸಂ ಇರುವ ಎಲ್ಲ ಮಕ್ಕಳಿಗೂ ಇರುವುದಿಲ್ಲ. ಅದನ್ನು ನಿರೀಕ್ಷಿಸುವುದು ಆ ಮಕ್ಕಳಿಗೆ ಇನ್ನೊಂದು ಹೊರೆ. ಜೋನ ಒಳಗನ್ನು ಸರಣಿ ಹೆಚ್ಚಾಗಿ ಹೊರಗಿನಿಂದಲೇ ನೋಡುತ್ತದೆ ಎಂಬುದು ನನ್ನ ಕೊರಗು. ಅದರ ಬಲವಿರುವುದು ಸುತ್ತಲಿನವರ ಚಿತ್ರಣದಲ್ಲಿ.

ಆದ್ದರಿಂದ ಎರಡನೆಯ ಸಲ ನೋಡುವಾಗ ಜೋನನ್ನು ಬಿಟ್ಟು ಅಕ್ಕ ರೆಬೆಕಾಳ ಮೇಲೆ ಕಣ್ಣಿಡಿ. ಹದಿಹರೆಯದ ಹುಡುಗಿ, ಅವಳಿಗೂ ಪ್ರೀತಿಯಿದೆ, ಗುಟ್ಟುಗಳಿವೆ, ಅಮ್ಮನೊಡನೆ ಹಂಚಿಕೊಳ್ಳಬೇಕಾದ ದುಃಖವಿದೆ. ತಮ್ಮನ ಚಿಂತೆಯಲ್ಲಿ ಮುಳುಗಿದ ಮನೆಯಲ್ಲಿ ಅವಳ ಮಾತಿಗೆ ಯಾರಿಗೂ ಪುರುಸೊತ್ತಿಲ್ಲ. ತಮ್ಮನೊಡನೆ ಅವಳು ಎಷ್ಟು ಸಹಜವಾಗಿರುತ್ತಾಳೆ, ಹಿರಿಯರು ಅದೇ ಸಹಜತೆಗಾಗಿ ಎಷ್ಟು ತಿಣುಕುತ್ತಾರೆ ಎಂಬುದನ್ನು ಗಮನಿಸುತ್ತ ಹೋಗಿ.