ಗ್ಯಾಂಗ್ ಯಾಕೆ ಓಡಿ ಹೋಯಿತು? ಹಿಡಕಲ್ ಕಡೆಯ ಒಂದು ಅಟ್ರಿಷನ್ ಪಾಠ

ಪ್ಲೇಸ್‌ಮೆಂಟ್ ಮಾತು ಬಂದಾಗಲೆಲ್ಲ ಸೀನಿಯರ್‌ಗಳು ಒಂದು ಶಬ್ದ ಹೇಳ್ತಾರೆ: "ಆ ಕಂಪನ್ಯಾಗ ಅಟ್ರಿಷನ್ ಭಾಳ ಐತಿ." ಅಂದರೆ ಕೆಲಸಕ್ಕೆ ಸೇರಿದವರು ನಿಲ್ಲೋದಿಲ್ಲ, ಬಿಟ್ಟು ಹೋಗ್ತಾರೆ. ಈ ವಿಷಯ ಎಂದ ತಕ್ಷಣ ನಮಗೆ ಬೆಂಗಳೂರಿನ ಐಟಿ ಕಂಪನಿಗಳೇ ನೆನಪಾಗುತ್ತವೆ. ನನಗೆ ಮಾತ್ರ ಇದು ಅರ್ಥವಾಗಿದ್ದು ಹುಕ್ಕೇರಿ ತಾಲೂಕಿನ ನಮ್ಮ ಕಾಕಾನ ಕಬ್ಬಿನ ಹೊಲದಲ್ಲಿ.

ಜನವರಿ ತಿಂಗಳು. ಕಾಕಾನ ಹೊಲಕ್ಕೆ ಕಟಾವಿನ ಪಾಳಿ ಬಂದಿತ್ತು. ಕಾರ್ಖಾನೆ ಕಳಿಸಿದ ಹತ್ತು ಜೋಡಿಯ ಗ್ಯಾಂಗ್ ಅರ್ಧ ಹೊಲ ಕಡಿದು, ಒಂದು ರಾತ್ರಿ ಗಂಟುಮೂಟೆ ಕಟ್ಟಿಕೊಂಡು ಹೊರಟುಹೋಯಿತು. ಫೀಲ್ಡ್‌ಮನ್‌ಗೆ ಫೋನ್ ಮಾಡಿದರೆ, "ಇನ್ನೊಂದು ಗ್ಯಾಂಗ್ ಸಿಗೋತನಕ ತಡೀರಿ" ಅಂದರು. ತಡೆದದ್ದು ಮೂರು ವಾರ. ಅಷ್ಟರಲ್ಲಿ ಉಳಿದ ಕಬ್ಬು ಸೂಲಂಗಿ ಬಿಟ್ಟು ಒಣಗತೊಡಗಿತ್ತು. "ತೂಕ ಎಲ್ಲಾ ಹೋತು ನೋಡಪಾ" ಅಂತ ಕಾಕಾ ಬದುವಿನ ಮೇಲೆ ಕೂತುಬಿಟ್ಟರು.

ನನಗೆ ತಿಳಿಯದ್ದು ಒಂದೇ. ಆ ವರ್ಷ ಕಾರ್ಖಾನೆ ಹಿಂದಿನ ವರ್ಷಕ್ಕಿಂತ ಹೆಚ್ಚು ಗ್ಯಾಂಗ್ ತರಿಸಿತ್ತು ಅಂತ ಊರವರೆಲ್ಲ ಹೇಳ್ತಿದ್ದರು. ಜನ ಹೆಚ್ಚಿದ್ದ ವರ್ಷವೇ ಜನ ಯಾಕೆ ಕಡಿಮೆ ಬಿದ್ದರು?

ಮೊದಲು ಡ್ಯಾಮಿನ ಲೆಕ್ಕ

ಹಿಡಕಲ್ ಡ್ಯಾಮ್, ಅಂದರೆ ಘಟಪ್ರಭಾ ನದಿಯ ರಾಜಾ ಲಖಮಗೌಡ ಜಲಾಶಯ, ಸುಮಾರು 51 ಟಿಎಂಸಿ ನೀರು ಹಿಡಿಯುತ್ತದೆ. ಅದರಲ್ಲಿ ಎಷ್ಟು ನೀರಿದೆ ಅನ್ನೋದು ಒಳಹರಿವು, ಹೊರಹರಿವು ಎರಡರ ಮೇಲೂ ನಿಂತಿದೆ. ಕಂಪನಿಯ ಸಿಬ್ಬಂದಿ ಸಂಖ್ಯೆಯೂ ಹಾಗೇ. ನೇಮಕಾತಿ ಒಳಹರಿವು, ಬಿಟ್ಟು ಹೋಗೋದು ಹೊರಹರಿವು.

ಒಂದು ಉದಾಹರಣೆ ತಗೊಳ್ಳೋಣ. ವರ್ಷದ ಶುರುವಿನಲ್ಲಿ 400 ಜನ ಇದ್ದರು. ಕೊನೆಗೆ 500 ಜನ ಬೇಕು. ಹೊಸಬರು ಎಷ್ಟು? 100 ಅಂದರೆ ತಪ್ಪು. ವರ್ಷದಲ್ಲಿ 90 ಜನ ಬಿಟ್ಟು ಹೋದರೆ, 190 ಜನರನ್ನು ತಗೋಬೇಕು.

ಅಟ್ರಿಷನ್ ರೇಟ್ ಅಂದರೆ ಬಿಟ್ಟವರ ಸಂಖ್ಯೆಯನ್ನು ಸರಾಸರಿ ಸಿಬ್ಬಂದಿಯಿಂದ ಭಾಗಿಸಿ 100ರಿಂದ ಗುಣಿಸೋದು. ಇಲ್ಲಿ ಸರಾಸರಿ 450, ಬಿಟ್ಟವರು 90, ರೇಟ್ ಶೇ. 20. ಮುಂದಿನ ವರ್ಷ 600 ಜನ ಬೇಕು, ರೇಟ್ ಅದೇ ಅಂತಿಟ್ಟುಕೊಳ್ಳಿ. ಸರಾಸರಿ 550ರಲ್ಲಿ 110 ಜನ ಹೋಗ್ತಾರೆ, ಹೊಸಬರು 210 ಬೇಕು. ರೇಟ್ ಶೇ. 10ಕ್ಕೆ ಇಳಿದರೆ 155 ಸಾಕು. ಅಂದರೆ 55 ಜನರನ್ನು ಹುಡುಕಿ, ಕೆಲಸ ಕಲಿಸುವ ಖರ್ಚು ಉಳಿಯಿತು.

ನೀರಿಗೂ ಜನರಿಗೂ ಒಂದು ವ್ಯತ್ಯಾಸ ಇದೆ. ನೀರಿನ ಹನಿ ಎಲ್ಲಾ ಒಂದೇ, ಜನ ಹಾಗಲ್ಲ. ಸಕ್ಕರೆ ಕಾರ್ಖಾನೆಯಲ್ಲಿ ಪ್ಯಾನ್‌ಮನ್ ಅಂತ ಇರ್ತಾರೆ. ಕುದಿಯುತ್ತಿರುವ ಪಾಕದ ಸ್ಯಾಂಪಲ್ ತೆಗೆದು, ಗಾಜಿನ ಮೇಲೆ ಹರಡಿ, ಬೆಳಕಿಗೆ ಹಿಡಿದು ಸಕ್ಕರೆ ಕಾಳು ಎಷ್ಟು ಕೂಡಿದೆ ಅಂತ ಹೇಳುವವರು. ಅಂಥ ಒಬ್ಬ ಅನುಭವಿ ಹೋದರೆ ರೇಟ್‌ನಲ್ಲಿ ಅದು ಕಾಣೋದೇ ಇಲ್ಲ, ಆದರೆ ಮಾಲಿನಲ್ಲಿ ಕಾಣುತ್ತದೆ. ಅದಕ್ಕೇ ಕಾರ್ಖಾನೆಗಳು ಹಂಗಾಮಿ ನೌಕರರಿಗೆ ನುರಿಸುವ ಕೆಲಸ ಇಲ್ಲದ ತಿಂಗಳುಗಳಲ್ಲೂ ರಿಟೇನಿಂಗ್ ಅಲಾವೆನ್ಸ್ ಅಂತ ಸಂಬಳದ ಒಂದು ಭಾಗ ಕೊಡುವ ಪದ್ಧತಿ ಇದೆ. ಮುಂದಿನ ಹಂಗಾಮಿಗೆ ಅದೇ ಕೈಗಳು ವಾಪಸ್ ಬರಲಿ ಅಂತ.

ಬೆಳೆಯುವ ಕಾರ್ಖಾನೆಯ ಲೆಕ್ಕ

ಈಗ ಕಬ್ಬಿಗೆ ಬರೋಣ. ಸಂಕೇಶ್ವರದ ಹಿರಣ್ಯಕೇಶಿ, ಬೆಲ್ಲದ ಬಾಗೇವಾಡಿಯ ವಿಶ್ವರಾಜ್, ಹುಣಶ್ಯಾಳ ಪಿ.ಜಿ.ಯ ಸತೀಶ್ ಶುಗರ್ಸ್, ಹೀಗೆ ನಮ್ಮ ಭಾಗದಲ್ಲಿ ಕಾರ್ಖಾನೆಗಳು ಒಂದರ ಪಕ್ಕ ಒಂದು ಇವೆ. ಹಂಗಾಮು ಎಲ್ಲರಿಗೂ ಒಂದೇ ಸಮಯಕ್ಕೆ, ಹೆಚ್ಚುಕಡಿಮೆ ನವೆಂಬರ್‌ನಿಂದ ಮಾರ್ಚ್. ಕಡಿಯುವವರು ಸ್ಥಳೀಯರಷ್ಟೇ ಅಲ್ಲ. ಮಹಾರಾಷ್ಟ್ರದ ಬೀಡ್ ಕಡೆಯಿಂದ, ನಮ್ಮ ವಿಜಯಪುರ ಕಡೆಯಿಂದ ಮುಕಾದಮನ ಕೈಕೆಳಗೆ ಬರ್ತಾರೆ. ಗಂಡ ಹೆಂಡತಿ ಸೇರಿದರೆ ಒಂದು 'ಕೊಯ್ತಾ' ಅಂತ ಲೆಕ್ಕ.

ಮುಂದಿನ ಅಂಕಿಗಳು ಯಾವ ಕಾರ್ಖಾನೆಯವೂ ಅಲ್ಲ, ತಿಳಿಯೋದಕ್ಕೆ ನಾನು ಹಾಕಿಕೊಂಡವು. ಒಂದು ಕಾರ್ಖಾನೆ ದಿನಕ್ಕೆ 5000 ಟನ್ ನುರಿಸುತ್ತದೆ. ಒಂದು ಜೋಡಿ ದಿನಕ್ಕೆ 2 ಟನ್ ಕಡಿಯುತ್ತದೆ. ಹಾಗಾದರೆ 2500 ಜೋಡಿ ಬೇಕು. ಈಗ ಕಾರ್ಖಾನೆ ವಿಸ್ತರಣೆ ಮಾಡಿ 8000 ಟನ್ ಗುರಿ ಇಟ್ಟಿತು. 4000 ಜೋಡಿಗೆ ಮೊದಲೇ ಅಡ್ವಾನ್ಸ್ ಕೊಟ್ಟು ಕರೆಸಿತು. ಆದರೆ ಹೊಸ ಮಿಲ್ ಮೊದಲ ವರ್ಷವೇ ಪೂರ್ತಿ ಓಡಲಿಲ್ಲ, 6000 ಟನ್‌ಗೆ ನಿಂತಿತು.

ಆಗ ಏನಾಗುತ್ತದೆ? 8000 ಟನ್ ಕಡಿಯುವ ಕೈಗಳಿವೆ, 6000 ಟನ್ ತಿನ್ನುವ ಗಾಣ ಇದೆ. ಹೆಚ್ಚು ಕಡಿದಷ್ಟೂ ಕಾರ್ಖಾನೆಯ ಯಾರ್ಡ್‌ನಲ್ಲಿ ಟ್ರ್ಯಾಕ್ಟರ್‌ಗಳ ಸಾಲು ಬೆಳೆಯುತ್ತದೆ. ಎರಡು ಟ್ರೇಲರ್‌ನ ಟ್ರ್ಯಾಕ್ಟರ್ 20 ಟನ್ ಒಯ್ಯುತ್ತದೆ ಅಂದರೆ 6000 ಟನ್ನಿಗೆ ದಿನಕ್ಕೆ 300 ಟ್ರ್ಯಾಕ್ಟರ್ ಖಾಲಿ ಆಗುತ್ತವೆ. ಯಾರ್ಡ್‌ನಲ್ಲಿ 600 ನಿಂತಿದ್ದರೆ, ಕೊನೆಯವನು ಖಾಲಿ ಆಗಿ ಹೊರಬರೋದಕ್ಕೆ 600 ಭಾಗಿಸು 300, ಎರಡು ದಿನ. ಕ್ಯೂಯಿಂಗ್ ಥಿಯರಿಯ ಲಿಟಲ್ಸ್ ಲಾ ಕೂಡ ಇದನ್ನೇ ಹೇಳುತ್ತದೆ.

ಈ ಕಾಯುವಿಕೆಯ ಖರ್ಚು ಯಾರದು? ಕಡಿಯುವವರಿಗೆ ಕೂಲಿ ದಿನದ ಲೆಕ್ಕದಲ್ಲಿಲ್ಲ, ಟನ್ನಿನ ಲೆಕ್ಕದಲ್ಲಿದೆ. ಟ್ರ್ಯಾಕ್ಟರ್ ಬರದಿದ್ದರೆ ಕೆಲಸ ನಿಂತಿತು, ಕೂಲಿಯೂ ನಿಂತಿತು. 6000 ಟನ್ನನ್ನು 4000 ಜೋಡಿಗೆ ಹಂಚಿದರೆ ಒಂದೂವರೆ ಟನ್. ಎರಡು ಟನ್ ಆಸೆಯಿಂದ ಬಂದವರ ಗಳಿಕೆಯಲ್ಲಿ ಕಾಲು ಭಾಗ ಹೋಯಿತು. ತಲೆ ಮೇಲಿನ ಅಡ್ವಾನ್ಸ್ ಮಾತ್ರ ಹಾಗೇ ಇದೆ.

ಕಾಕಾನ ಹೊಲದಲ್ಲಿ ಆಗಿದ್ದೂ ಇದೇ. ಆಮೇಲೆ ಪಕ್ಕದ ಹೊಲದವರು ಹೇಳಿದರು: ಗ್ಯಾಂಗ್ ಹೋಗುವ ಮೊದಲು ಮೂರು ದಿನ ಟ್ರ್ಯಾಕ್ಟರೇ ಬಂದಿರಲಿಲ್ಲ. ಕಡಿದ ಕಬ್ಬು ಬಿದ್ದಲ್ಲೇ ಒಣಗುತ್ತಿತ್ತು, ಅವರು ರವದಿ ಹಾಸಿಕೊಂಡು ಕೂತಿದ್ದರು. ನಾವು ಅವರನ್ನು "ಓಡಿ ಹೋದರು" ಅಂತ ಬೈದೆವು. ಲೆಕ್ಕ ಹಾಕಿದ ಮೇಲೆ ನನಗೆ ಆ ಮಾತು ಸರಿ ಅನಿಸಲಿಲ್ಲ.

ಕೆಟ್ಟದ್ದು ಮುಂದಿದೆ. ಗ್ಯಾಂಗ್‌ಗಳು ಬಿಡತೊಡಗಿದಾಗ ಆಫೀಸಿನಲ್ಲಿ ಕೂತವರಿಗೆ "ಜನ ಸಾಲುತ್ತಿಲ್ಲ" ಅಂತ ಕಾಣುತ್ತದೆ. ಮುಂದಿನ ವರ್ಷ ಇನ್ನೂ ಹೆಚ್ಚು ಗ್ಯಾಂಗ್ ತರಿಸ್ತಾರೆ. ಸಾಲು ಇನ್ನೂ ಬೆಳೆಯುತ್ತದೆ, ಗಳಿಕೆ ಇನ್ನೂ ಇಳಿಯುತ್ತದೆ, ಇನ್ನೂ ಹೆಚ್ಚು ಜನ ಬಿಡ್ತಾರೆ. ಅಟ್ರಿಷನ್‌ಗೆ ಔಷಧಿ ಅಂತ ಮಾಡಿದ ನೇಮಕಾತಿಯೇ ಅಟ್ರಿಷನ್ ಹೆಚ್ಚಿಸುತ್ತದೆ. ಇಲ್ಲಿ ಬೇಕಿದ್ದದ್ದು ಹೆಚ್ಚು ಜನ ಅಲ್ಲ. ಮಿಲ್ ಎಷ್ಟು ಓಡುತ್ತದೋ ಅಷ್ಟಕ್ಕೆ ಕಟಾವಿನ ಆದೇಶ, ಟ್ರ್ಯಾಕ್ಟರ್‌ಗೆ ಟೋಕನ್ ಸಮಯ, ಕಾಯುವ ದಿನಕ್ಕೂ ಒಂದಿಷ್ಟು ಕೂಲಿ.

"ಹಾರ್ವೆಸ್ಟರ್ ಮಷೀನ್ ತಂದರೆ ಮುಗೀತಲ್ಲ" ಅಂತ ನನ್ನ ಮೆಕ್ಯಾನಿಕಲ್ ಗೆಳೆಯ ಅಂದ. ಮಷೀನಿಗೆ ಅಗಲ ಸಾಲು ಬೇಕು, ಸಣ್ಣ ಹೊಲದಲ್ಲಿ ತಿರುಗಿಸೋದು ಕಷ್ಟ, ಓಡಿಸಲು ಕಲಿತ ಆಪರೇಟರ್ ಬೇಕು. ಮಷೀನ್ ಕಡಿದ ಕಬ್ಬೂ ಅದೇ ಯಾರ್ಡ್‌ನ ಸಾಲಿನಲ್ಲೇ ನಿಲ್ಲಬೇಕು.

ಕಟ್ಟಿಹಾಕೋದು, ಉಳಿಸಿಕೊಳ್ಳೋದು

ಜನ ಬಿಡದ ಹಾಗೆ ಮಾಡಲು ಹಳೆಯ ದಾರಿ ಅಡ್ವಾನ್ಸ್. ಸಾಲ ತೀರುವತನಕ ಹೋಗುವ ಹಾಗಿಲ್ಲ. ಮನೆಯಲ್ಲಿ ನೋಡಿಕೊಳ್ಳುವವರಿಲ್ಲದ ಮಕ್ಕಳು ಶಾಲೆ ಬಿಟ್ಟು ಅಪ್ಪ ಅಮ್ಮನ ಜೊತೆ ಗುಡಿಸಲಿಗೆ ಬರ್ತಾರೆ. ಇದು ಕಟ್ಟಿಹಾಕೋದು.

ಇನ್ನೊಂದು ದಾರಿ ಗೋಕಾಕ ಫಾಲ್ಸ್‌ನಲ್ಲಿ ಕಾಣುತ್ತದೆ. 1885ರಲ್ಲಿ ಸ್ಥಾಪನೆಯಾದ ಗೋಕಾಕ ಮಿಲ್ ಜಲಪಾತದ ನೀರಿನ ಶಕ್ತಿಗಾಗಿ ಊರಿಂದ ದೂರ ಬಂದು ನೂಲಿನ ಗಿರಣಿ ಹಾಕಿತು. ಅಲ್ಲಿಗೆ ಜನ ಬಂದು ನಿಲ್ಲಬೇಕಾದರೆ ಇರಲು ಜಾಗ ಬೇಕು. ಹಾಗೆ ಗಿರಣಿಯ ಪಕ್ಕದಲ್ಲೇ ಕಾರ್ಮಿಕರ ಕಾಲೊನಿ ಬೆಳೆಯಿತು. ಅದೂ ಪೂರ್ತಿ ಸ್ವಾತಂತ್ರ್ಯ ಅಲ್ಲ, ಯಾಕೆಂದರೆ ಕೆಲಸ ಹೋದರೆ ಕಂಪನಿಯ ಮನೆಯೂ ಹೋಗುತ್ತದೆ. ಆದರೂ ಮನೆ ಕೊಟ್ಟು ನಿಲ್ಲಿಸಿಕೊಳ್ಳೋದಕ್ಕೂ ಸಾಲ ಕೊಟ್ಟು ನಿಲ್ಲಿಸೋದಕ್ಕೂ ವ್ಯತ್ಯಾಸ ಇದೆ.

ಇನ್ನೆರಡು ವರ್ಷಕ್ಕೆ ನಮ್ಮ ಕೈಗೂ ಆಫರ್ ಲೆಟರ್ ಬರುತ್ತದೆ. ಕೆಲವದರಲ್ಲಿ ಬಾಂಡ್ ಇರುತ್ತದೆ: ಎರಡು ವರ್ಷದೊಳಗೆ ಬಿಟ್ಟರೆ ಇಷ್ಟು ದುಡ್ಡು ಕಟ್ಟಿ ಅಂತ. ಗ್ಯಾಂಗಿನ ಅಡ್ವಾನ್ಸಿಗೂ ನಮ್ಮ ಬಾಂಡಿಗೂ ಹೋಲಿಕೆಯೇ ಇಲ್ಲ, ನಮ್ಮದು ತುಂಬಾ ಸುಖದ ಕಟ್ಟು. ಆದರೆ ಪ್ರಶ್ನೆ ಒಂದೇ. ಇಂಟರ್‌ವ್ಯೂ ಕೊನೆಗೆ "ನಿಮಗೇನಾದ್ರೂ ಕೇಳೋದು ಇದೆಯಾ?" ಅಂದಾಗ ನಾವು ಕೇಳಬಹುದು: ಹೋದ ವರ್ಷ ಈ ಟೀಮಿನಿಂದ ಎಷ್ಟು ಜನ ಬಿಟ್ಟರು? ಸೇರಿದ ಎಷ್ಟು ತಿಂಗಳಿಗೆ? ಪ್ರಾಜೆಕ್ಟ್ ಇಲ್ಲದೆ ಬೆಂಚ್ ಮೇಲೆ ಎಷ್ಟು ಜನ ಇದ್ದಾರೆ?

ಮುಂದೆ ನಮ್ಮಲ್ಲೇ ಯಾರೋ ಪ್ಲಾನಿಂಗ್ ಟೇಬಲ್‌ನ ಆ ಕಡೆ ಕೂತಿರಬಹುದು. ಆಗ ಎಕ್ಸೆಲ್ ಶೀಟಿನಲ್ಲಿ "ಬಿಟ್ಟವರು" ಅನ್ನೋ ಕಾಲಂ ಪಕ್ಕದಲ್ಲಿ "ಬಿಡುವ ಮೊದಲಿನ ಮೂರು ದಿನ ಏನಾಗಿತ್ತು" ಅಂತ ಇನ್ನೊಂದು ಕಾಲಂ ಹಾಕಿ. ಕಾಕಾನ ಹೊಲದ ಮಟ್ಟಿಗೆ ಉತ್ತರ ಅಲ್ಲೇ ಇತ್ತು.